ಲ್ಯಾನ್ ಕಾರ್ಡಿನ ಕೊನೆಯ ಎರಡು ಅಂಕಿ

ಉಸ್ತಾದ್,

ಸಗರದ ಸಿದ್ದಮ್ಮನ ಸಲಾಮು. ನೀವಿದ್ದಾಗ ನಿಮಗೆ ಒಂದು ಸಾಲೂ ಬರೆದವಳಲ್ಲ ನಾನು. ದಿನವೂ ಎದುರಿಗೇ ಕೂತಿರುತ್ತಿದ್ದಿರಿ, ಬರೆಯುವುದೇನಿತ್ತು? ಈಗ ಶಹಾಪುರದ ಅದೇ ಅಂಗಡಿಯಲ್ಲಿ, ನಿಮ್ಮ ಕುರ್ಚಿಯ ಪಕ್ಕದ ನನ್ನ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕುರ್ಚಿಯ ಮೇಲೆ ಇವತ್ತಿನವರೆಗೂ ಕೂತಿಲ್ಲ. ಕೆಟ್ಟ ಸುದ್ದಿಯನ್ನು ಸುತ್ತಿಬಳಸಿ ಹೇಳಿದರೆ ನಿಮಗೆ ಆಗುತ್ತಿರಲಿಲ್ಲ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಂಪ್ಯೂಟರಿನ ಲ್ಯಾನ್ ಕಾರ್ಡು ಸತ್ತಿದೆ. ಅದರ ಹಿಂದೆಯೇ ನಿಮ್ಮ ಹೆಸರಿನ ಸೇವಾ ಕೇಂದ್ರವೂ ಮುಚ್ಚಿತು. ಕಾರ್ಡು ಸತ್ತದ್ದು ಮುಪ್ಪಿನಿಂದ. ಕೇಂದ್ರ ಮುಚ್ಚಿದ್ದು ನನ್ನಿಂದ. ಹೇಗೆ ಅಂತ ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ನಾನು ಮೊದಲ ಸಲ ಇಲ್ಲಿಗೆ ಬಂದದ್ದು ಜಗಳಕ್ಕೆ, ನೆನಪಿದೆಯಲ್ಲ. ರೇಷನ್ ಕಾರ್ಡಿನಲ್ಲಿ ಯಾರೋ ನನ್ನನ್ನು ಗಂಡಸು ಮಾಡಿ ಹಾಕಿದ್ದರು. ತಿದ್ದಿಸಲು ಸಗರದಿಂದ ಮೂರು ಸಲ ಬಂದೆ, ಮೂರು ಸಲವೂ ನೀವು ‘ನೆಟ್ ಇಲ್ಲವ್ವ’ ಅಂದಿರಿ. ಮೂರನೆಯ ಸಲ ನನಗೆ ತಡೆಯಲಾಗಲಿಲ್ಲ. “ನಿಮ್ಮ ನೆಟ್ ಯಾವಾಗ ಇರ್ತದ ಅಂತ ಹೊರಗ ಒಂದು ಬೋರ್ಡರೆ ಹಾಕ್ರಿ” ಎಂದು ಬಾಯಿ ಮಾಡಿದೆ. ಆಗ ನೀವು ಮೇಜಿನ ಕೆಳಗೆ ಅರ್ಧ ಮೈ ತೂರಿಸಿಕೊಂಡಿದ್ದಿರಿ. ಅಲ್ಲಿಂದಲೇ ಕೈ ಚಾಚಿ ಬ್ಯಾಟರಿ ಕೊಟ್ಟು, “ಬೈಯೋದು ಬೈಯವ್ವ, ಇದನ್ನ ಹಿಡಕೊಂಡು ಬೈಯಿ” ಅಂದಿರಿ. ಹಿಡಿದೆ. ಸಿಪಿಯು ಡಬ್ಬಿಯ ಬೆನ್ನಿನಲ್ಲಿ, ತಂತಿ ಚುಚ್ಚುವ ತೂತಿನ ಪಕ್ಕ, ಸಾಸಿವೆ ಕಾಳಿನಷ್ಟು ಎರಡು ದೀಪ ತೋರಿಸಿದಿರಿ.

“ಹಸರ ಲೈಟ್ ಹತ್ತಿತಂದ್ರ ತಂತಿ ಮುಟ್ಟ್ಯದ. ಕೇಸರಿ ಲೈಟ್ ಮಿಣಿಮಿಣಿ ಅಂತದಂದ್ರ ಆ ಕಡಿದವರ ಜೋಡಿ ಮಾತಾಡಾಕತ್ತದ.”

“ಎರಡೂ ಇಲ್ಲಂದ್ರ?”

“ಎರಡೂ ಇಲ್ಲಂದ್ರ ಒದರ‍್ಯಾಡಬಾರ್ದು. ಮೊದಲಿಂದ ಒಂದೊಂದ ನೋಡ್ಕೋತ ಬರಬೇಕು.”

ಆವತ್ತು ನೆಟ್ ಬಂತು, ನಾನು ಮತ್ತೆ ಹೆಂಗಸಾದೆ. ಮುಂದಿನ ವಾರ ಹತ್ತನೆಯ ಕ್ಲಾಸಿನ ಮಾರ್ಕ್ಸ್ ಕಾರ್ಡು ಹಿಡಿದುಕೊಂಡು ಕೆಲಸ ಕೇಳಲು ಬಂದೆ. ನೀವು ಮಾರ್ಕ್ಸ್ ನೋಡಲಿಲ್ಲ. “ಬ್ಯಾಟರಿ ಅಳ್ಳಾಡಿಸದಂಗ ಹಿಡದೀದಿ, ಅಷ್ಟ ಸಾಕು” ಅಂದಿರಿ.

ಡಬ್ಬಿ ಬಿಚ್ಚಲು ಕಲಿಸಿದ ದಿನ ನೀವು ನನ್ನ ಕೈ ಹಿಡಿದು ಕಿಟಕಿಯ ಸರಳಿಗೆ ಮುಟ್ಟಿಸಿದಿರಿ. ನಾನು ಗಾಬರಿಯಾಗಿ ಕೈ ಎಳೆದುಕೊಂಡೆ. “ಮೈಯಾಗಿನ ಕರೆಂಟ್ ಕಿಡಕಿಗಿ ಕೊಟ್ಟು ಆಮ್ಯಾಲ ಒಳಗ ಕೈ ಹಾಕು, ಇಲ್ಲಂದ್ರ ನೀ ಮುಟ್ಟಿದ್ದ ಸುಟ್ಟು ಹೋಗ್ತದ” ಅಂದಿರಿ. ಆಮೇಲೆ ನನಗೆ ಸಿಟ್ಟು ಬಂದಾಗಲೆಲ್ಲ ‘ಹೋಗವ್ವ, ಕಿಡಕಿ ಮುಟ್ಟಿ ಬಾ’ ಎಂದು ಗಿರಾಕಿಗಳ ಎದುರಿಗೇ ಕಾಡಿಸುತ್ತಿದ್ದಿರಿ. ಆ ಸರಳು ಈಗ ನಾನು ಮುಟ್ಟುವ ಕಡೆ ಬಣ್ಣ ಹೋಗಿ ಹೊಳೆಯುತ್ತದೆ.

ಸಿಡಿಲು ಬಡಿದ ಆ ಮುಂಗಾರು ನೆನಪಾಗುತ್ತಿದೆ. ಮದರ್‌ಬೋರ್ಡಿನ ಮೇಲೇ ಇದ್ದ ನೆಟ್ಟಿನ ತೂತು ಸುಟ್ಟು ಕರಿದಾಗಿತ್ತು. ನೀವು ಯಾದಗಿರಿಗೆ ಹೋಗಿ, ಸ್ಟೇಷನ್ ಹತ್ತಿರದ ಹಳೇ ಸಾಮಾನಿನವರ ಕಡೆಯಿಂದ ಈ ಕಾರ್ಡು ತಂದಿರಿ. ಅಂಗೈಯಷ್ಟು ಹಸಿರು ತುಂಡು. ಮೇಲೆ ಅಂಟಿಸಿದ ಚೀಟಿ ಯಾವಾಗಲೋ ಉದುರಿ ಹೋಗಿತ್ತು, ಅಂಚಿನ ಬಂಗಾರದ ಹಲ್ಲುಗಳಿಗೆ ಮಬ್ಬು ಹಿಡಿದಿತ್ತು. ಶಾಲೆಯ ಮಕ್ಕಳ ರಬ್ಬರು ತಗೊಂಡು ಆ ಹಲ್ಲುಗಳನ್ನು ಒಂದೇ ದಿಕ್ಕಿಗೆ ತಿಕ್ಕಿದಿರಿ. ಹಿಂದಕ್ಕೆ ಮುಂದಕ್ಕೆ ತಿಕ್ಕಿದರೆ ಹಲ್ಲು ಕಿತ್ತು ಬರುತ್ತದೆ ಅಂದಿರಿ. ಕಾರ್ಡು ಕೂರಿಸಿದಿರಿ. ಎರಡೂ ದೀಪ ಹತ್ತಿದವು.

ಆದರೆ ಕಂಪನಿಯ ಪುಟ ತೆರೆಯಲಿಲ್ಲ. ಪ್ರತಿ ಲ್ಯಾನ್ ಕಾರ್ಡಿಗೂ ಅದರದೇ ಒಂದು ನಂಬರು ಇರುತ್ತದೆ, ಹನ್ನೆರಡು ಮನೆಯದು, ಅಂಕಿ ಮತ್ತು ಇಂಗ್ಲಿಷ್ ಅಕ್ಷರ ಕೂಡಿ. ನಮಗೆ ಸೇವಾ ಕೇಂದ್ರ ಕೊಟ್ಟ ಕಂಪನಿ ಆ ನಂಬರಿನಿಂದಲೇ ನಮ್ಮ ಕಂಪ್ಯೂಟರನ್ನು ಗುರುತು ಹಿಡಿಯುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತು. ಹೊಸ ನಂಬರು ಒಪ್ಪಿಸಲು ನೀವು ಮಷೀನಿನ ಮೇಲೆ ಹೆಬ್ಬೆಟ್ಟು ಒತ್ತಿದಿರಿ. ಎರಡು ಸಲ ಹಿಡಿಯಲಿಲ್ಲ. ಬೆರಳು ಅಂಗಿಗೆ ಒರೆಸಿಕೊಂಡು ಮೂರನೆಯ ಸಲ ಒತ್ತಿದಿರಿ, ಹಿಡಿಯಿತು.

ಆಮೇಲೆ ನೀವು ಮಾಡಿದ್ದನ್ನೇ ನಾನು ಈ ವಾರವೆಲ್ಲ ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೇನೆ. ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ಒಂದು ತುಂಡು ಕತ್ತರಿಸಿದಿರಿ. “ಓದವ್ವ” ಅಂದಿರಿ. ನಾನು ಪರದೆಯ ಮೇಲಿನ ಹನ್ನೆರಡನ್ನೂ ಒಂದೊಂದಾಗಿ ಓದಿದೆ, ನೀವು ನೀಲಿ ಸ್ಕೆಚ್ ಪೆನ್ನಿನಿಂದ ಬರೆದಿರಿ. ಪಟ್ಟಿಯನ್ನು ಡಬ್ಬಿಯ ಮುಚ್ಚಳದ ಒಳಮೈಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಿರಿ.

“ಈ ಕಾರ್ಡ್ ಹೋಯ್ತಂದ್ರ ಹೊಸಾದು ಹಾಕಿ, ಸೆಟ್ಟಿಂಗದಾಗ ಇದ ನಂಬರ್ ಅದಕ್ಕ ಕೊಡು. ಕಂಪನಿಗಿ ಹಳೇದ ಅದ ಅನಸ್ತದ. ಅವಾಗ ನನ್ನ ಹೆಬ್ಬೆಟ್ಟೂ ಬೇಕಾಗಂಗಿಲ್ಲ.”

“ಪುಸ್ತಕದಾಗ ಬರದು ಇಡ್ಲೇನ್ರಿ?”

“ಪುಸ್ತಕ ಕಳೀತದ. ಡಬ್ಬಿ ಎಲ್ಲಿ ಹೋಗ್ತದ?”

“ಬೇಕಂದ್ರ ನೀವ ಇರ‍್ತೀರಲ್ರಿ” ಅಂದೆ ನಾನು. “ಇರ್ತೀನಿ, ಎಲ್ಲಿಗಿ ಹೋಗ್ತೀನಿ” ಅಂದಿರಿ. ನಿಮಗೆ ಸುಳ್ಳು ಹೇಳಿ ರೂಢಿ ಇರಲಿಲ್ಲ, ಅದಕ್ಕೇ ನಂಬಿದೆ.

ಕಳೆದ ಎಳ್ಳಮವಾಸ್ಯೆಗೆ ನಮ್ಮ ಮನೆಯ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ತಂದುಕೊಟ್ಟಿದ್ದೆ. ಕೈ ನೆಕ್ಕುತ್ತ ಉಂಡಿರಿ. ಅದಾಗಿ ಎಂಟನೆಯ ದಿನ ಬೆಳಿಗ್ಗೆ ಅಂಗಡಿಗೆ ಹೊರಟವರು ಚಪ್ಪಲಿ ಮೆಟ್ಟಲು ಹೊಸ್ತಿಲ ಮೇಲೆ ಕೂತಿರಿ. ಏಳಲಿಲ್ಲ. ನಿಮ್ಮ ಮನೆಯಾಕೆ, ನಮ್ಮ ಚಾಚಿ, ಫೋನ್ ಮಾಡಿ ಬರೀ ನನ್ನ ಹೆಸರು ಹೇಳಿದರು. ನಾನು ಬರುವಷ್ಟರಲ್ಲಿ ನಿಮ್ಮ ಎಡಗಾಲಿನಲ್ಲಿ ಚಪ್ಪಲಿ ಇತ್ತು, ಬಲಗಾಲಿನದು ಅಲ್ಲೇ ಅಡ್ಡ ಬಿದ್ದಿತ್ತು. ಎಲ್ಲರೂ ಅಳುತ್ತಿದ್ದರು. ನಾನು ಆ ಚಪ್ಪಲಿಯನ್ನು ಎತ್ತಿ ಜೊತೆ ಮಾಡಿ ಇಟ್ಟೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ನಾಲ್ಕನೆಯ ದಿನ ಅಂಗಡಿ ತೆರೆದೆ. ಪಿಂಚಣಿಯ ಅರ್ಜಿಗಳು ಅರ್ಧಕ್ಕೆ ನಿಂತಿದ್ದವು, ಮುದುಕಿಯರು ಕಟ್ಟೆಯ ಮೇಲೆ ಬಂದು ಕೂತಿದ್ದರು. ನಿಮ್ಮ ಪಾಸ್‌ವರ್ಡ್ ನನಗೆ ಗೊತ್ತಿತ್ತು. ನಿಮ್ಮ ಫೋನಿಗೆ ಬಂದ ಕೋಡು ಹಾಕಿದೆ. ಪುಟ ತೆರೆಯಿತು, ಮೂಲೆಯಲ್ಲಿ ನಿಮ್ಮ ಫೋಟೊ, ಪಕ್ಕದಲ್ಲಿ ‘ಸುಸ್ವಾಗತ, ಖಾಜಾಹುಸೇನ್’. ಆವತ್ತು ಕಂಪನಿಗೆ ಫೋನ್ ಮಾಡಿದೆ. ಹೆಸರು ಹೇಳದೆ, ಆಪರೇಟರ್ ತೀರಿಕೊಂಡರೆ ಏನು ಮಾಡಬೇಕು ಎಂದು ಕೇಳಿದೆ. ಕೇಂದ್ರ ಮುಚ್ಚುತ್ತೇವೆ, ಹೊಸಬರು ಡಿಗ್ರಿ ಆದವರಿರಬೇಕು ಅಂದರು. ನಾನು ಹತ್ತನೆಯ ಕ್ಲಾಸು. ಫೋನ್ ಇಟ್ಟುಬಿಟ್ಟೆ. ಈ ತಿಂಗಳ ಅರ್ಜಿ ಮುಗಿಸಿ ಹೇಳೋಣ ಅಂದುಕೊಂಡೆ. ಮುಂದಿನ ತಿಂಗಳೂ ಹಾಗೇ ಅಂದುಕೊಂಡೆ. ಹನ್ನೊಂದು ತಿಂಗಳು ನಿಮ್ಮನ್ನು ಸಾಯಗೊಡಲಿಲ್ಲ ನಾನು. ತಪ್ಪು ಅಂತ ಗೊತ್ತಿತ್ತು. ಗೊತ್ತಿದ್ದೂ ದಿನಾ ಸಂಜೆ ನಿಮ್ಮ ಫೋನನ್ನು ಚಾರ್ಜಿಗೆ ಹಾಕಿ ಬಾಗಿಲು ಹಾಕುತ್ತಿದ್ದೆ.

ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಇದ್ದತ್ತು ಮುಗಿಸಿದ ಮೇಲೆ ಚಾಚಿ ಮನೆಯಿಂದ ಮೊದಲು ಹೊರಗೆ ಬಂದದ್ದು ಎಲ್ಲಿಗೆ ಅಂದುಕೊಂಡಿರಿ? ಅಂಗಡಿಗೆ. ಹನ್ನೊಂದು ಗಂಟೆಗೆ, ನಿಮಗೆ ತರುತ್ತಿದ್ದ ಅದೇ ಥರ್ಮಾಸಿನಲ್ಲಿ ಚಹಾ ತಂದಿದ್ದರು. ನಾನು ಲಾಗಿನ್ ಮಾಡುತ್ತಿದ್ದೆ. ಫೋಟೊ ಬಂದದ್ದೇ ತಡ, ನನ್ನ ಭುಜ ಹಿಡಿದುಕೊಂಡರು. “ಮನಿಯಾಗಿನ ಫೋಟೊದಾಗ ಸುಮ್ಮ ಕುಂತಾರವಾ. ಇಲ್ಲಿ ಡ್ಯೂಟಿ ಮ್ಯಾಲ ಅದಾರ” ಅಂದರು. ಆವತ್ತಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಬರುತ್ತಾರೆ, ಫೋಟೊ ನೋಡುತ್ತಾರೆ, ಸೆರಗಿನಿಂದ ಪರದೆಯ ಧೂಳು ಒರೆಸುತ್ತಾರೆ, ನನಗೆ ಚಹಾ ಕೊಟ್ಟು ಹೋಗುತ್ತಾರೆ. ನಾನು ಕೇಂದ್ರ ಉಳಿಸಿಕೊಂಡದ್ದು ನನ್ನ ಕೆಲಸಕ್ಕಾಗಿ ಎಂದು ಯಾರಾದರೂ ಅಂದರೆ ಇಲ್ಲ ಅನ್ನಲಾರೆ. ಆದರೆ ಆ ಹತ್ತು ನಿಮಿಷಕ್ಕಾಗಿಯೂ ಹೌದು.

ಇನ್ನು ಖಂಡೇಪೂಜೆ. ಪ್ರತಿ ವರ್ಷ ದಸರೆಯ ಹಿಂದಿನ ದಿನ ನಾನು ಕಂಪ್ಯೂಟರಿಗೆ, ಪ್ರಿಂಟರಿಗೆ, ಜೆರಾಕ್ಸಿಗೆ ಪೂಜೆ ಮಾಡುವಾಗ ನೀವು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈ ಕಟ್ಟಿ ನಿಲ್ಲುತ್ತಿದ್ದಿರಿ. ಕೊನೆಯಲ್ಲಿ ತೆಂಗಿನಕಾಯಿಯ ದೊಡ್ಡ ಹೋಳು ಮಾತ್ರ ನಿಮಗೇ ಬೇಕು. ನಿಮ್ಮದು ಒಂದೇ ಕಟ್ಟಳೆ: “ಹೊರಗ ಏನರೆ ಹಚ್ಚು, ಅರಿಷಿಣ ಸುರಿ, ನಿಂಬಿಕಾಯಿ ಕಟ್ಟು. ಡಬ್ಬಿ ಮಾತ್ರ ತಗೀಬ್ಯಾಡ.” ಏಳು ವರ್ಷ ನಾನು ತೆಗೆಯಲಿಲ್ಲ.

ಈ ಸಲ ಬಾಗಿಲಲ್ಲಿ ನೀವು ಇರಲಿಲ್ಲ. ಎಲ್ಲಕ್ಕೂ ಭಂಡಾರದ ಅರಿಶಿನ ಹಚ್ಚಿಯಾಯಿತು, ಊದುಬತ್ತಿ ಬೆಳಗಿಯಾಯಿತು. ಆದರೂ ಏನೋ ಬಿಟ್ಟಿದ್ದೇನೆ ಅನ್ನಿಸುತ್ತಿತ್ತು. ಈ ಅಂಗಡಿಯಲ್ಲಿ ನಿಮ್ಮ ಕೈಬರಹ ಎಲ್ಲಿದೆ ಎಂದು ಯೋಚಿಸಿದೆ. ರಸೀದಿಗಳೆಲ್ಲ ನನ್ನ ಅಕ್ಷರದವು, ಬೋರ್ಡು ಪೇಂಟರನ ಅಕ್ಷರದ್ದು. ನಿಮ್ಮದು ಅಂತ ಉಳಿದದ್ದು ಆ ಬಿಳಿ ಪಟ್ಟಿಯೊಂದೇ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಮಷೀನಿಗೆ ಏನೂ ಆಗಬಾರದೆಂದು ಮುಚ್ಚಳವನ್ನು ಒಂದು ಕಡೆ ಚಾಪೆಯ ಮೇಲೆ ಮಲಗಿಸಿದೆ, ಅಷ್ಟು ಬುದ್ಧಿ ಇತ್ತು. ನಿಮ್ಮ ಅಕ್ಷರದ ಮೇಲೆ ಬೆರಳಿನಿಂದ ನೀರು ಚಿಮುಕಿಸಿದೆ. ಮೈಲಾಪುರ ಮಲ್ಲಯ್ಯನ ಭಂಡಾರ ಹಚ್ಚಿದೆ. ಕುಂಕುಮ ಇಟ್ಟೆ. ಕೈ ಮುಗಿದೆ. ಕಣ್ಣು ತುಂಬಿದ್ದವು, ಏನಾಗುತ್ತಿದೆ ಎಂದು ನೋಡಲಿಲ್ಲ. ಹಾಗೇ ಮುಚ್ಚಳ ಹಾಕಿ ಸ್ಕ್ರೂ ತಿರುಗಿಸಿದೆ.

ಸ್ಕೆಚ್ ಪೆನ್ನಿನ ಬರಹ ನೀರಿಗೆ ಹೋಗುತ್ತದೆ ಅಂತ ಒಂದನೆಯ ಕ್ಲಾಸಿನ ಕೂಸಿಗೂ ಗೊತ್ತು. ನನಗೆ ಆಗ ಗೊತ್ತಿರಲಿಲ್ಲವೇ…

ಹೋದ ಮಂಗಳವಾರ ಬೆಳಿಗ್ಗೆ ಬಂದು ಸ್ವಿಚ್ ಹಾಕಿದೆ. ನೆಟ್ ಇಲ್ಲ. ಬ್ಯಾಟರಿ ಹಿಡಿದು ಬಗ್ಗಿ ನೋಡಿದೆ, ಹಸಿರೂ ಇಲ್ಲ, ಕೇಸರಿಯೂ ಇಲ್ಲ. ಒದರಾಡಲಿಲ್ಲ ಉಸ್ತಾದ್. ಮೊದಲಿನಿಂದ ಒಂದೊಂದೇ ನೋಡುತ್ತ ಬಂದೆ. ತಂತಿ ಎರಡೂ ಕಡೆ ಬಿಚ್ಚಿ ಚುಚ್ಚಿದೆ. ಬೇರೆ ತಂತಿ ಹಾಕಿದೆ. ಮೋಡೆಮ್ಮಿನ ಹಿಂದಿನ ಸಣ್ಣ ತೂತಿನಲ್ಲಿ ಸೂಜಿ ಚುಚ್ಚಿ, ಹತ್ತು ಎಣಿಸಿ ರೀಸೆಟ್ ಮಾಡಿದೆ, ನೀವು ಹೇಳಿಕೊಟ್ಟ ಹಾಗೇ. ಅದೇ ತಂತಿಯನ್ನು ಚಾಚಿಯ ಅಕ್ಕನ ಮಗಳ ಲ್ಯಾಪ್‌ಟಾಪಿಗೆ ಚುಚ್ಚಿದರೆ ನೆಟ್ ಬಂತು. ಅಂದರೆ ತಂತಿ ಸರಿ, ಮೋಡೆಮ್ ಸರಿ. ಡಿವೈಸ್ ಮ್ಯಾನೇಜರ್ ತೆಗೆದು ನೋಡಿದೆ. ಹಳದಿ ಗುರುತಾದರೂ ಇದ್ದರೆ ಡ್ರೈವರ್ ಹಾಕಬಹುದಿತ್ತು. ಕಾರ್ಡಿನ ಹೆಸರೇ ಇರಲಿಲ್ಲ, ಅಂಥದ್ದೊಂದು ಒಳಗೆ ಇರಲೇ ಇಲ್ಲ ಅನ್ನುವ ಹಾಗೆ.

ಕಿಟಕಿ ಮುಟ್ಟಿದೆ. ಮುಚ್ಚಳ ಬಿಚ್ಚಿ ಗೋಡೆಗೆ ಆನಿಸಿದೆ, ಅವಸರದಲ್ಲಿ ಅದರ ಒಳಮೈ ನೋಡಲಿಲ್ಲ. ಕಾರ್ಡು ತೆಗೆದು ಹಲ್ಲುಗಳನ್ನು ರಬ್ಬರಿನಿಂದ ಒಂದೇ ದಿಕ್ಕಿಗೆ ತಿಕ್ಕಿದೆ. ಕೂರಿಸಿದೆ, ಇಲ್ಲ. ಪಕ್ಕದ ಖಾನೆಗೆ ಬದಲಿಸಿದೆ, ಇಲ್ಲ. ಮೂರನೆಯ ಖಾನೆ ಇರಲೇ ಇಲ್ಲ. ಅಷ್ಟರಲ್ಲಿ ಚಾಚಿ ಚಹಾ ತಂದರು. ಪರದೆಯ ಮೇಲೆ ಫೋಟೊ ಇಲ್ಲದ್ದು ನೋಡಿ, “ಇವತ್ತ ರಜಾ ಏನು?” ಅಂದರು. “ಹೌದ್ರಿ ಚಾಚಿ, ನಾಳಿಗಿ ಬರ‍್ತಾರ” ಅಂದೆ. ಬಾಯಿಗೆ ಬಂದದ್ದು ಅದು.

ಸುರಪುರದ ರಿಪೇರಿ ಅಂಗಡಿಯ ತಿಪ್ಪಣ್ಣನ ಬಳಿಗೆ ಹೋಗುವಾಗಲೆಲ್ಲ ನೀವು ಕೆಟ್ಟ ಸಾಮಾನನ್ನು ಹಳೇ ಬನಿಯನ್ನಿನಲ್ಲಿ ಸುತ್ತುತ್ತಿದ್ದಿರಿ. ನಾನೂ ಕಾರ್ಡನ್ನು ಹಾಗೇ ಸುತ್ತಿಕೊಂಡು ಬಸ್ಸು ಹತ್ತಿದೆ. ಹತ್ತಿಗುಡೂರು ದಾಟುವವರೆಗೂ ರಸ್ತೆಯ ತುಂಬ ಹತ್ತಿ ಹೇರಿದ ಟ್ರ್ಯಾಕ್ಟರುಗಳು, ಬಸ್ಸು ಹರಿದಾಡಿಕೊಂಡು ಹೋಗುತ್ತಿತ್ತು. ಗಂಟನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕೂತಿದ್ದೆ. ಪಕ್ಕದ ಹೆಂಗಸು ಒಳಗಿರುವುದು ಕೋಳಿಮೊಟ್ಟೆಯೇ ಎಂದು ಕೇಳಿದಳು. ಹ್ಞೂಂ ಅಂದೆ.

ನೀವೂ ತಿಪ್ಪಣ್ಣನೂ ಯಾರು ಯಾರಿಗೆ ರಿಪೇರಿ ಕಲಿಸಿದ್ದು ಎಂದು ಇಪ್ಪತ್ತು ವರ್ಷ ಜಗಳಾಡಿದಿರಿ. ಮಂಗಳವಾರ ತಿಪ್ಪಣ್ಣ, “ನಮ್ಮ ಉಸ್ತಾದನ ಕಾರ್ಡ್ ಏನು?” ಎಂದು ಕೇಳಿ ಕೈಗೆ ತಗೊಂಡರು. ನಿಮ್ಮನ್ನು ಉಸ್ತಾದ ಅಂದದ್ದು ನಾನು ಕೇಳಿದ್ದು ಅದೇ ಮೊದಲು. ನೀವು ಕೇಳಬೇಕಿತ್ತು. ಮೂರು ಕಂಪ್ಯೂಟರಿಗೆ ಹಾಕಿ ನೋಡಿದರು. ಯಾವುದೂ ಅದನ್ನು ಕಾಣಲಿಲ್ಲ.

“ಸತ್ತದ ತಂಗಿ. ಇಷ್ಟ ದಿನ ನಡದದ್ದ ಹೆಚ್ಚು. ಹೊಸಾದು ಕೊಡ್ತೀನಿ ತಗೊಂಡು ಹೋಗು. ಹಳೇದರ ನಂಬರ್ ಅದ ಇಲ್ಲ?”

“ಅದ್ರಿ ಅಣ್ಣಾರ. ಉಸ್ತಾದ್ ಡಬ್ಬಿ ಒಳಗ ಬರದಾರ.”

“ಮತ್ತ ಚಿಂತಿ ಯಾಕ? ಹಾಕು, ನಡೀತದ” ಎಂದು ನಕ್ಕರು. ನಾನೂ ನಕ್ಕೆ. ತಿರುಗಿ ಬರುವ ಬಸ್ಸಿನಲ್ಲಿ ಶೇಂಗಾ ಕೊಂಡು ತಿಂದೆ ನೋಡಿ. ಬುದ್ಧ ಮಲಗಿದಂತಿರುವ ನಮ್ಮ ಶಹಾಪುರದ ಗುಡ್ಡ ಕಾಣುವ ಹೊತ್ತಿಗೆ, ನಾಳೆ ಹನ್ನೊಂದು ಗಂಟೆಗೆ ಚಾಚಿಗೆ ಏನು ಹೇಳಬೇಕು ಎಂದು ಮಾತು ಕೂಡ ಜೋಡಿಸಿಕೊಂಡಿದ್ದೆ.

ಅಂಗಡಿಗೆ ಬಂದು ಗೋಡೆಗೆ ಆನಿಸಿದ ಮುಚ್ಚಳ ತಿರುಗಿಸಿದೆ. ಪಟ್ಟಿಯ ಮೇಲೆ ಒಣಗಿದ ಭಂಡಾರ, ಅದರ ಕೆಳಗೆ ನೀಲಿ ಹರಿದು ಹಸಿರಾದ ಕಲೆ. ಮೊದಲ ಹತ್ತು ಓದಲು ಬಂದವು. ಕೊನೆಯ ಎರಡರ ಮೇಲೆ ಕುಂಕುಮ ಕೂತಿತ್ತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ, ಕುಂಕುಮದ ಜೊತೆಗೆ ಬಣ್ಣವೂ ಎದ್ದು ಬಂತು. ಒಂದರಲ್ಲಿ ಮೇಲಿನ ಸೊಟ್ಟ ಗೆರೆಯೊಂದು ಉಳಿದಿತ್ತು, ಇನ್ನೊಂದರಲ್ಲಿ ಏನೂ ಇಲ್ಲ. ತಿಪ್ಪಣ್ಣನಿಗೆ ಫೋನ್ ಮಾಡಿದೆ.

“ಮೋಡೆಮ್ ಒಳಗ ನೋಡು ತಂಗಿ, ಅದು ತನಗ ಕೂಡಿದ ಕಾರ್ಡಿನ ನಂಬರ್ ಬರಕೊಂಡಿರ್ತದ.”

“ರೀಸೆಟ್ ಮಾಡೀನ್ರಿ. ಮುಂಜಾನೆ.”

ಆ ಕಡೆ ಅವರು ಲೆಕ್ಕ ಹಾಕುವುದು ಕೇಳಿಸಿತು. ಆಮೇಲೆ, “ಎರಡು ಮನಿ ಖಾಲಿ ಅಂದ್ರ ಇನ್ನೂರೈವತ್ತಾರು ನಮೂನಿ ಆಗ್ತದವಾ. ಕಂಪನಿ ಎಷ್ಟ ಸಲ ಬಿಡ್ತದ?” ಅಂದರು. ಮೂರು ಸಲ, ಅಂದೆ.

ಓದಿದವಳು ನಾನೇ ಅಲ್ಲವೇ ಉಸ್ತಾದ್? ನನ್ನ ಬಾಯಿಂದಲೇ ಬಂದ ನಂಬರು ಅದು. ಬುಧವಾರ ಬೆಳಿಗ್ಗೆ ಆವತ್ತು ಕೂತ ಜಾಗದಲ್ಲೇ ಕೂತು, ಕಣ್ಣು ಮುಚ್ಚಿ, ಮೊದಲಿನಿಂದ ಹೇಳುತ್ತ ಬಂದೆ. ಹತ್ತರವರೆಗೆ ಸರಾಗ. ಅಲ್ಲಿಂದ ಮುಂದೆ ನಿಮ್ಮ ಪೆನ್ನಿನ ಕಿರ್ ಸದ್ದು ನೆನಪಾಗುತ್ತದೆ, ನೀವು ನಾಲಿಗೆ ಕಚ್ಚಿ ಬರೆಯುವುದು ನೆನಪಾಗುತ್ತದೆ, ಹೊರಗೆ ನಿಂತ ಆಟೊದ ಬಣ್ಣ ನೆನಪಾಗುತ್ತದೆ. ಆ ಎರಡು ಮಾತ್ರ ಇಲ್ಲ. ಬೇಡದ್ದನ್ನೆಲ್ಲ ಇಟ್ಟುಕೊಂಡು ಬೇಕಾದ್ದನ್ನು ಬಿಡುವ ಈ ತಲೆಯನ್ನು ಏನು ಮಾಡಲಿ?

ಹೊಸ ಕಾರ್ಡು ಕೂರಿಸಿದೆ. ಎರಡೂ ದೀಪ ಹತ್ತಿದವು. ಬೇರೆ ಪುಟಗಳೆಲ್ಲ ತೆರೆದುಕೊಂಡವು, ನೆಟ್ಟಿಗೆ ಏನೂ ಆಗಿರಲಿಲ್ಲ. ಸೆಟ್ಟಿಂಗಿನಲ್ಲಿ ಹತ್ತು ಅಂಕಿ-ಅಕ್ಷರ ಹಾಕಿ, ಸೊಟ್ಟ ಗೆರೆ ಮೂರು ಇರಬಹುದೆಂದು ಮೂರು ಹಾಕಿ, ಕೊನೆಗೆ ಒಂದು ಊಹೆ ಹಾಕಿದೆ. ಕಂಪನಿಯ ಪುಟ ‘ನೋಂದಣಿಯಾಗದ ಯಂತ್ರ’ ಅಂದಿತು. ಮೂರು ತೆಗೆದು ಎಂಟು ಹಾಕಿದೆ. ಅದೇ ಉತ್ತರ. ಎರಡೂ ದೀಪ ಇಲ್ಲದಿದ್ದರೆ ಏನು ಮಾಡಬೇಕು ಅಂತ ಹೇಳಿಕೊಟ್ಟಿರಿ. ಎರಡೂ ಉರಿಯುತ್ತಿದ್ದಾಗ ಹೀಗಾದರೆ ಏನು ಮಾಡಬೇಕು ಅಂತ ಹೇಳಲಿಲ್ಲ.

ಉಳಿದದ್ದು ಒಂದೇ ಸಲ. ಚಾಚಿ ಬಂದು ಹಿಂದೆ ನಿಂತಿದ್ದು ಥರ್ಮಾಸು ಕೆಳಗಿಟ್ಟ ಸದ್ದಿನಿಂದ ತಿಳಿಯಿತು. ಕೊನೆಯದನ್ನು ಹಾಕಿ ಒತ್ತಿದೆ. ಪುಟ ಸ್ವಲ್ಪ ಹೊತ್ತು ಬಿಳಿಯಾಗಿ ನಿಂತಿತು. ಆಮೇಲೆ ಒಂದು ಹೆಬ್ಬೆರಳಿನ ಚಿತ್ರ ಬಂತು, ಕೆಳಗೆ ‘ನೋಂದಾಯಿತ ಆಪರೇಟರ್ ಬೆರಳಚ್ಚು ನೀಡಿ’ ಎಂದು ಬರೆದಿತ್ತು.

“ಏನ್ ಕೇಳಾಕತ್ತದವಾ?”

“ಉಸ್ತಾದ್ರ ಹೆಬ್ಬೆಟ್ಟು ಕೇಳಾಕತ್ತದ್ರಿ ಚಾಚಿ.”

ಅವರು ಬಲಗೈ ಸೆರಗಿಗೆ ಒರೆಸಿಕೊಂಡು, ಮುಂದೆ ಬಂದು, ಮಷೀನಿನ ಮೇಲೆ ತಮ್ಮ ಹೆಬ್ಬೆಟ್ಟು ಇಟ್ಟರು. “ಮೂವತ್ತೊಂದು ವರ್ಷ ಅವರ ಜೋಡಿ ಇದ್ದೀನಿ, ನೋಡರೆ ನೋಡು” ಅಂದರು. ನನಗೆ ತಡೆಯಬೇಕು ಅನ್ನಿಸಿತು, ತಡೆಯಲಿಲ್ಲ. ಮಷೀನಿನ ಕೆಂಪು ದೀಪ ಅವರ ಬೆರಳಿನ ಕೆಳಗೆ ಹತ್ತಿ ಆರಿತು. ಹೊಂದುತ್ತಿಲ್ಲ ಎಂದು ಬಂತು. “ಒರಸಿ ಮತ್ತ ಇಡ್ಲೇನು?” ಎಂದು ಕೇಳಿದರು. ನಿಮ್ಮದೂ ಮೂರನೆಯ ಸಲ ಹಿಡಿದದ್ದು ಅವರಿಗೆ ಯಾರು ಹೇಳಿದ್ದರೋ. ಬ್ಯಾಡ್ರಿ, ಅಂದೆ. ಆಗ ಅತ್ತೆ ಉಸ್ತಾದ್. ಹೊಸ್ತಿಲ ಮೇಲೆ ಬಾರದ ಅಳು ಆಗ ಬಂತು.

ಮರುದಿನ ಚಾಚಿ ಚಹಾದ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ನಿಮ್ಮ ಮರಣ ಪ್ರಮಾಣಪತ್ರವನ್ನು ತಂದು ಕೀಬೋರ್ಡಿನ ಪಕ್ಕ ಇಟ್ಟರು. ನಾನು ಕೇಳಿರಲಿಲ್ಲ. “ಎಷ್ಟ ದಿನ ಅಂತ ಮುಚ್ಚಿಡ್ತೀವಿ. ನೀನ ಹಾಕವಾ, ನನ್ನ ಕೈಲೆ ಆಗಂಗಿಲ್ಲ” ಅಂದರು. ಆಪರೇಟರ್ ತೀರಿಕೊಂಡ ಮಾಹಿತಿ ಕೊಡುವ ಪುಟಕ್ಕೆ ಲಾಗಿನ್ ಬೇಕಿಲ್ಲ, ಯಾರು ಬೇಕಾದರೂ ತುಂಬಬಹುದು. ನಿಮ್ಮ ಹೆಸರು ಟೈಪ್ ಮಾಡಿದೆ. ತೀರಿಕೊಂಡ ದಿನ ಟೈಪ್ ಮಾಡಿದೆ. ಏಳು ವರ್ಷ ಊರಿನವರ ಸಾವನ್ನೆಲ್ಲ ಇದೇ ಕೈಯಲ್ಲಿ ಟೈಪ್ ಮಾಡಿದ್ದೇನೆ, ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಆವತ್ತು ನಾಲ್ಕು ಸಲ ಅಳಿಸಿ ಬರೆದೆ.

ಕೊನೆಗೆ ಒಂದು ಖಾನೆ ಇತ್ತು, ಮಾಹಿತಿ ಕೊಡುವವರಿಗೂ ಮೃತರಿಗೂ ಇರುವ ಸಂಬಂಧ. ಒತ್ತಿದರೆ ಪಟ್ಟಿ ಇಳಿಯುತ್ತದೆ. ಹೆಂಡತಿ, ಮಗ, ಮಗಳು, ಅಣ್ಣ, ತಮ್ಮ… ಬೆರಳು ನಿಂತದ್ದು ನೋಡಿ ಚಾಚಿ, “ಮಗಳು ಅಂತ ಹಾಕು” ಅಂದರು. ಎಷ್ಟು ಸಲೀಸಾಗಿ ಅಂದರು. ಹಾಕಬೇಕು ಅಂತ ನನಗೂ ಎಷ್ಟಿತ್ತು. ಆದರೆ ಹನ್ನೊಂದು ತಿಂಗಳು ನಿಮ್ಮ ಹೆಸರಿನಲ್ಲಿ ಸುಳ್ಳು ಒತ್ತಿದ್ದೇನೆ, ಇದೊಂದಾದರೂ ನಿಜ ಇರಲಿ ಅನ್ನಿಸಿತು. ಪಟ್ಟಿಯ ಕೊನೆಯಲ್ಲಿ ‘ಇತರೆ’ ಇತ್ತು. ಅದನ್ನು ಒತ್ತಿದೆ.

ಇವತ್ತು ಹನ್ನೊಂದಕ್ಕೆ ಚಾಚಿ ಎಂದಿನಂತೆ ಬಂದರು. ಪರದೆ ಖಾಲಿ ಇತ್ತು, ಆದರೂ ಸೆರಗಿನಿಂದ ಒರೆಸಿದರು. ನಾವು ಚಹಾ ಕುಡಿಯುತ್ತಿರುವಾಗ ಮೇಜಿನ ಡ್ರಾಯರಿನೊಳಗೆ ನಿಮ್ಮ ಫೋನು ಗುರ್ ಅಂತು. ಇಬ್ಬರೂ ಬೆಚ್ಚಿದೆವು. ತೆಗೆದು ನೋಡಿದೆ. ‘ಮಾನ್ಯ ಖಾಜಾಹುಸೇನ್ ಅವರೇ, ನಿಮ್ಮ ಮರಣದ ಮಾಹಿತಿಯನ್ನು ಸ್ವೀಕರಿಸಲಾಗಿದೆ. ನಿಮ್ಮ ಕೇಂದ್ರವನ್ನು ಶಾಶ್ವತವಾಗಿ ಮುಚ್ಚಲಾಗಿದೆ. ನಿಮ್ಮ ಸೇವೆಗೆ ಧನ್ಯವಾದಗಳು.’

“ಯಾರದವಾ? ಏನ್ ಬರದಾರ?”

“ಕಂಪನೀದ್ರಿ. ನಿಮ್ಮ ಸೇವಾಕ್ಕ ಧನ್ಯವಾದ ಅಂತ ಬರದಾರ.”

“ಛಲೋ ಮಂದಿ” ಎಂದರು ಚಾಚಿ, ಲೋಟ ತೊಳೆಯಲು ಎದ್ದರು.

ಮುಚ್ಚಳದ ಸಂಗತಿ ಅವರಿಗೆ ಇನ್ನೂ ಹೇಳಿಲ್ಲ. ಕಾರ್ಡು ಸತ್ತದ್ದೇ ಎಲ್ಲಕ್ಕೂ ಕಾರಣ ಎಂದು ತಿಳಿದಿದ್ದಾರೆ. ಮುಂದೊಂದು ದಿನ ಹೇಳುತ್ತೇನೆ ಅಂತ ನಿಮಗೆ ಮಾತು ಕೊಡಬೇಕೆಂದೇ ಈ ಪತ್ರ ಶುರು ಮಾಡಿದ್ದೆ, ಇಲ್ಲಿಯವರೆಗೆ ಬಂದ ಮೇಲೆ ಆ ಧೈರ್ಯವೂ ಇಲ್ಲ. ಮುದುಕಿಯರಿಗೆ ನಾಳೆಯಿಂದ ಬೇರೆ ಕಡೆ ಹೋಗಿ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಜೆರಾಕ್ಸ್ ಇದೆ, ಎಷ್ಟು ದಿನವೋ ನೋಡಬೇಕು. ಆ ಬಿಳಿ ಪಟ್ಟಿಯನ್ನು ಕಿತ್ತಿಲ್ಲ, ಮುಟ್ಟುವುದೂ ಇಲ್ಲ.

ನಿಮ್ಮ ಫೋನಿನಲ್ಲಿ ಒಂದೇ ಗೆರೆ ಚಾರ್ಜು ಉಳಿದಿದೆ. ಇನ್ನು ಅದಕ್ಕೆ ಯಾವ ಕೋಡೂ ಬರುವುದಿಲ್ಲ. ಇವತ್ತು ಅದನ್ನು ಚಾರ್ಜಿಗೆ ಹಾಕದೆ ಬಾಗಿಲು ಹಾಕುತ್ತಿದ್ದೇನೆ.

ಸಿದ್ದಮ್ಮ